ಗ್ರಾನೈಟ್, ಚಿರೆಕಲ್ಲು, ಯಾಣದ ಕಲ್ಲು: ಇವುಗಳಲ್ಲಿ ಗಟ್ಟಿ ಯಾವುದು?

ಕುಮಟಾದಲ್ಲಿ ಮನೆ ಕಟ್ಟಿಸುತ್ತಿದ್ದೇನೆ ಅಂತ ಬರೆದಿದ್ದೀರಿ. ಕಲ್ಲಿಗೂ ಖನಿಜಕ್ಕೂ ಏನು ವ್ಯತ್ಯಾಸ, ಗ್ರಾನೈಟ್, ಚಿರೆಕಲ್ಲು (ನಮ್ಮ ಕರಾವಳಿಯ ಕೆಂಪು ಕಲ್ಲು, ಲ್ಯಾಟರೈಟ್), ಯಾಣದ ಸುಣ್ಣದ ಕಲ್ಲು ಈ ಮೂರರಲ್ಲಿ ಗಟ್ಟಿ ಯಾವುದು ಅನ್ನೋದು ನಿಮ್ಮ ಪ್ರಶ್ನೆ. ನಾನು ಕುಮಟಾದವನೇ, ಡಿಗ್ರಿಯಲ್ಲಿ ಓದಿದ್ದು ಭೂವಿಜ್ಞಾನ.

ಖನಿಜ ಅಂದರೆ ಒಂದೇ ವಸ್ತು. ಅದಕ್ಕೆ ತನ್ನದೇ ರಾಸಾಯನಿಕ ಸೂತ್ರ, ತನ್ನದೇ ಹರಳಿನ ಜೋಡಣೆ ಇರುತ್ತದೆ. ಕಲ್ಲು ಸಾಮಾನ್ಯವಾಗಿ ಇಂಥ ಹಲವು ಖನಿಜಗಳ ಗುಂಪು. ಒಂದು ಗ್ರಾನೈಟ್ ಚೂರನ್ನು ಬಿಸಿಲಿಗೆ ಹಿಡಿದು ನೋಡಿ. ಒಡೆದ ಗಾಜಿನ ಹಾಗೆ ಕಾಣುವುದು ಬೆಣಚುಕಲ್ಲು (ಕ್ವಾರ್ಟ್ಜ್). ಬಿಳಿ ಅಥವಾ ನಸುಗೆಂಪಾಗಿದ್ದು, ಚಪ್ಪಟೆ ಮುಖದಲ್ಲಿ ಫಳಕ್ಕನೆ ಹೊಳೆಯುವುದು ಫೆಲ್ಡ್‌ಸ್ಪಾರ್. ಉಗುರು ಹಾಕಿದರೆ ಪದರ ಪದರವಾಗಿ ಏಳುವುದು ಕಾಗೆಬಂಗಾರ. ಚೂರು ಹುಡುಕಿಕೊಂಡು ಮಳೆಗಾಲದಲ್ಲಿ ಮಾತ್ರ ಹೆದ್ದಾರಿಗೆ ಕಡಿದ ಗುಡ್ಡದ ಬುಡಕ್ಕೆ ಹೋಗಬೇಡಿ. 2024ರಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹಾಗೆ ಗುಡ್ಡ ಕುಸಿದಿದ್ದು ಗೊತ್ತಿದೆಯಲ್ಲ.

ಇನ್ನು ಗಟ್ಟಿ ಯಾವುದು ಅನ್ನೋದು. ಗೀರಿದರೆ ತಡೆಯುತ್ತದಾ, ಸುತ್ತಿಗೆ ಪೆಟ್ಟಿಗೆ ತಡೆಯುತ್ತದಾ, ಮಳೆಗೆ ತಡೆಯುತ್ತದಾ? ಮೂರಕ್ಕೂ ಒಂದೇ ಉತ್ತರ ಬರುವುದಿಲ್ಲ.

ಗೀರಿ ನೋಡುವ ಲೆಕ್ಕವನ್ನು ಜರ್ಮನ್ ಖನಿಜವಿಜ್ಞಾನಿ ಫ್ರೆಡ್ರಿಕ್ ಮೋಸ್ 1812ರಲ್ಲಿ ಕೊಟ್ಟ. ಬಳಪದ ಖನಿಜಕ್ಕೆ 1, ಸುಣ್ಣದ ಕಲ್ಲಿನ ಕ್ಯಾಲ್ಸೈಟ್‌ಗೆ 3, ಫೆಲ್ಡ್‌ಸ್ಪಾರ್‌ಗೆ 6, ಬೆಣಚಿಗೆ 7, ವಜ್ರಕ್ಕೆ 10. ನಮ್ಮ ಉಗುರು ಸುಮಾರು 2.5, ಚಾಕು ಸುಮಾರು 5.5. ಅಂದರೆ ಚಾಕುವಿನಿಂದ ಸುಣ್ಣದ ಕಲ್ಲಿನ ಮೇಲೆ ಗೀರು ಬೀಳುತ್ತದೆ, ಬೆಣಚಿನ ಮೇಲೆ ಬೀಳುವುದಿಲ್ಲ. ಆದರೆ ಈ ಅಂಕಿ ಖನಿಜಕ್ಕೆ, ಇಡೀ ಕಲ್ಲಿಗಲ್ಲ. ಚಿರೆಕಲ್ಲಿನಲ್ಲಿರುವ ಕಬ್ಬಿಣದ ಖನಿಜಗಳು ಕ್ಯಾಲ್ಸೈಟ್‌ಗಿಂತ ಗಟ್ಟಿ. ಆದರೂ ಚಿರೆಕಲ್ಲನ್ನು ಕೊಡಲಿಯಲ್ಲಿ ಕೆತ್ತಬಹುದು, ಯಾಕೆಂದರೆ ಮೈತುಂಬ ತೂತು, ನಡುವೆ ಮೆತ್ತನೆಯ ಜೇಡಿ. ಅದೇ ಮೆತ್ತನೆ ಕ್ಯಾಲ್ಸೈಟ್ ಒತ್ತಾಗಿ ಹೆಣೆದುಕೊಂಡಿದ್ದರಿಂದ ಯಾಣದ ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರಕ್ಕೆ ನಿಂತಿದೆ. ಮಳೆ ಮಾತ್ರ ಅದನ್ನು ಬಿಟ್ಟಿಲ್ಲ. ಮಳೆನೀರು ಗಾಳಿ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ, ಸುಣ್ಣದ ಕಲ್ಲನ್ನು ಕರಗಿಸುತ್ತದೆ. ಆ ಚೂಪು ತುದಿ, ಸೀಳು ಎಲ್ಲ ಹಾಗೆ ಆಗಿದ್ದು.

ನನಗೆ ಎಲ್ಲಕ್ಕಿಂತ ಇಷ್ಟ ಚಿರೆಕಲ್ಲು. ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಅಂತ ಶಾಲೆಯಲ್ಲಿ ಕಲಿತ ಮೂರು ಖಾನೆಯಲ್ಲಿ ಇದು ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ. ಹಳೆಯ ಕಲ್ಲನ್ನು ಮಳೆ, ಬಿಸಿಲು ಲಕ್ಷಾಂತರ ವರ್ಷ ಕೊಳೆಸಿ, ಸಿಲಿಕಾವನ್ನು ತೊಳೆದುಕೊಂಡು ಹೋದಮೇಲೆ ಉಳಿದ ಕಬ್ಬಿಣ, ಅಲ್ಯೂಮಿನಿಯಂ ಅಂಶವೇ ಇದು. ಕ್ವಾರಿಯಲ್ಲಿ ಆಗಷ್ಟೇ ಕಡಿದ ಕಲ್ಲು ನೋಡಿ: ಕೆಂಪು, ಹಳದಿ ಮಚ್ಚೆ, ನಡುನಡುವೆ ಬಿಳಿ ಜೇಡಿ. ಆ ಬಿಳಿಗೆ ಉಗುರು ಇಳಿಯುತ್ತದೆ. ಗ್ರಾನೈಟ್ ಜಾತಿಯ ಕಲ್ಲು ಕೊಳೆತ ಜಾಗವಾದರೆ, ಒಂದು ಕಾಲಕ್ಕೆ ಅದು ಫೆಲ್ಡ್‌ಸ್ಪಾರ್! ಬಿಸಿಲಿಗೆ ಒಣಗಿದಂತೆ ಕಬ್ಬಿಣದ ಅಂಶ ಬಿಗಿದುಕೊಂಡು ಕಲ್ಲು ಗಟ್ಟಿಯಾಗುತ್ತದೆ. ನಮ್ಮ ಮಿರ್ಜಾನ್ ಕೋಟೆ ಇದರದ್ದೇ. ಹಾಗಾಗಿ ಹಸಿ ಕಲ್ಲು ತಂದು ಅವತ್ತೇ ಗೋಡೆ ಏರಿಸಬೇಡಿ. ಬಿಳಿ ಜೇಡಿ ಜಾಸ್ತಿ ಇರುವ ಕಲ್ಲನ್ನು ವಾಪಸ್ ಕಳಿಸಿ.

ಅಡುಗೆಮನೆ ಕಟ್ಟೆಗೆ ಬಂದರೆ, ಅಂಗಡಿಯವರು ಪಾಲಿಶ್ ಮಾಡಿದ ಕಲ್ಲಿಗೆಲ್ಲ ಗ್ರಾನೈಟ್ ಅಂದುಬಿಡುತ್ತಾರೆ. ಕಪ್ಪು ಗ್ರಾನೈಟ್ ಅಂತ ಮಾರುವುದು ಹೆಚ್ಚಾಗಿ ಡಾಲರೈಟ್ ಅಥವಾ ಗ್ಯಾಬ್ರೋ ಅನ್ನುವ ಬೇರೆ ಅಗ್ನಿಶಿಲೆ. ಅದರಲ್ಲಿ ಬೆಣಚು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಚಿಂತೆ ಬೇಡ, ಕಟ್ಟೆಗೆ ಅದೂ ಒಳ್ಳೆಯ ಕಲ್ಲೇ. ಕಡಪಾ ಕಲ್ಲು ಮಾತ್ರ ಸುಣ್ಣದ ಕಲ್ಲು. ನಮ್ಮ ಕಡೆ ಅಡುಗೆಯಲ್ಲಿ ಹುಣಸೆ, ಲಿಂಬೆ, ಕೋಕಂ ಇಲ್ಲದ ದಿನ ಇಲ್ಲ ಅಲ್ವಾ? ಹುಳಿ ಬಿದ್ದಲ್ಲೆಲ್ಲ ಅದರ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ. ಅಂಗಡಿಯಲ್ಲಿ ಸುಮ್ನೆ ಒಂದು ಚೂರು ಕೇಳಿ ತನ್ನಿ, ಲಿಂಬೆರಸ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒರೆಸಿ ನೋಡಿ, ಆಮೇಲೆ ಆರ್ಡರ್ ಕೊಡಿ.