ಏರೋಪ್ಲೇನ್ ಚಿಟ್ಟೆಗೆ ಯಾಕೆ ಬೈತೀರಿ?

ಹಾವೇರಿ ಹತ್ತಿರದ ಹಳ್ಳಿಯಿಂದ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ. ಅವರ ಜವಾರಿ ಕೋಳಿಗಳು ಸಿಪ್ಪೆ ಗಟ್ಟಿಯಿಲ್ಲದ ತತ್ತಿ ಇಡುತ್ತಿವೆ. ಏರೋಪ್ಲೇನ್ ಚಿಟ್ಟೆ ತಿಂದು ಹುಳ ಸೇರಿರಬೇಕು ಎಂದು ದನದ ಡಾಕ್ಟರು ಅಂದರಂತೆ. ‘ನೀವು ನೋಡಿದರೆ ಆ ಚಿಟ್ಟೆಯನ್ನೇ ಹೊಗಳಿ ಬರೀತೀರಿ. ಕೆರೆಗೆ ಕೀಟನಾಶಕದ ಎಣ್ಣೆ ಹೊಡೆಸೋಣ ಅಂತಿದ್ದೇನೆ, ಏನಂತೀರಿ?’

ಬೇಡ ಅಂತೀನಿ.

ತತ್ತಿ ಮಾರಿ ಸಂತೆ ಮಾಡುವವರಿಗೆ ಇದು ನಷ್ಟವೇ, ಒಪ್ಪಿದೆ. ಡಾಕ್ಟರ ಅನುಮಾನಕ್ಕೂ ಆಧಾರವಿದೆ. ಪ್ರೊಸ್ತೊಗೊನಿಮಸ್ ಎಂಬ ಚಪ್ಪಟೆ ಹುಳ ಕೋಳಿಯ ಅಂಡನಾಳ ಸೇರಿ ತತ್ತಿ ಕೆಡಿಸುತ್ತದೆ. ಅಪರೂಪಕ್ಕೆ ಹುಳವೇ ತತ್ತಿಯೊಳಗೆ ಸಿಕ್ಕಿದ್ದೂ ಉಂಟು.

ಆದರೆ ಅದು ಬಂದ ದಾರಿ ಪೂರ್ತಿ ಕೇಳಿ. ಹುಳದ ಮೊಟ್ಟೆ ಹೊರಬೀಳುವುದು ಕೋಳಿ, ಬಾತು, ಕಾಡುಹಕ್ಕಿಗಳ ಹಿಕ್ಕೆಯಲ್ಲಿ. ನೀರು ಸೇರಿದ ಮೇಲೆ ಬಸವನಹುಳು ಅದನ್ನು ನುಂಗುತ್ತದೆ. ಅಲ್ಲಿ ಒಂದು ಹಲವಾಗಿ, ಬಾಲವಿರುವ ಮರಿಗಳಾಗಿ ನೀರಿಗಿಳಿಯುತ್ತವೆ. ಏರೋಪ್ಲೇನ್ ಚಿಟ್ಟೆಯ ಮರಿ ಬೆಳೆಯುವುದು ಅದೇ ನೀರಲ್ಲಿ. ಅದರ ಕಿವಿರು ಇರುವುದು ಗುದದೊಳಗೆ, ಉಸಿರಾಟ ಹಿಂಬದಿಯಿಂದ! ನೀರೆಳೆದುಕೊಂಡಾಗ ಹುಳವೂ ಒಳಗೆ ಹೋಗಿ ಸ್ನಾಯುವಿನಲ್ಲಿ ಗೂಡು ಕಟ್ಟಿ ಕೂರುತ್ತದೆ. ರೆಕ್ಕೆ ಬಂದು ಹಾರಿದರೂ ಬಿಡುವುದಿಲ್ಲ. ಕಪ್ಪೆಯ ಶ್ವಾಸಕೋಶದ ಹುಳವೂ ಹೀಗೇ ಸವಾರಿ ಮಾಡುತ್ತದೆ. ಉಸಿರಾಡಿದ್ದೇ ತಪ್ಪು ಅಂತ ಚಿಟ್ಟೆಯನ್ನು ಕೊಲ್ಲಬೇಕಾ? ನಿಮ್ಮ ಕೋಳಿಯ ಹಿಕ್ಕೆಯ ಲೆಕ್ಕ ಯಾರು ಕೇಳಬೇಕು?

ಎಣ್ಣೆ ಹೊಡೆದರೆ ಸೊಳ್ಳೆಮರಿ ತಿನ್ನುವ ಈ ಚಿಟ್ಟೆಮರಿಗಳೇ ಸಾಯುತ್ತವೆ. ಬಸವನಹುಳು ಚಿಪ್ಪು ಮುಚ್ಚಿಕೊಂಡು ಕೂತೀತು. ಅಂದಹಾಗೆ, ಮೆತ್ತನೆ ತತ್ತಿಗೆ ಸುಣ್ಣದ ಅಂಶ ಸಾಲದಿರುವುದು, ಬಿಸಿಲ ಝಳ ಇವೂ ಕಾರಣ. ಹುಳ ಇದೆಯೋ ಇಲ್ಲವೋ ಮೊದಲು ಪರೀಕ್ಷೆ ಮಾಡಿಸಿ.

ನನ್ನ ಸಿಟ್ಟು ಬೇರೆ ಕಡೆಗಿದೆ. ಕಾಲೇಜಿನಲ್ಲಿ ನಾವು ಲಿವರ್ ಫ್ಲೂಕ್ ಎಂಬ ಇಂಥದೇ ಚಪ್ಪಟೆ ಹುಳದ ಚಿತ್ರ ಬಿಡಿಸಿ ಬಿಡಿಸಿ ಪೆನ್ಸಿಲ್ ಸವೆಸಿದೆವು. ಹತ್ತಿರದಲ್ಲೇ ಧಾರವಾಡದ ಕೆಲಗೇರಿ ಕೆರೆ ಇತ್ತು, ಒಬ್ಬ ಮೇಷ್ಟರೂ ಕರೆದೊಯ್ಯಲಿಲ್ಲ. ಈಗಲೂ ಅಷ್ಟೇ. ಗದಗಿನ ಮಾಗಡಿ ಕೆರೆಗೆ 2024ರಲ್ಲಿ ರಾಮ್ಸಾರ್, ಅಂದರೆ ಮಹತ್ವದ ಜೌಗುಪ್ರದೇಶವೆಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ನೋಡಲು ಕಾರುಗಳ ಸಾಲು. ಅದೇ ನೀರಂಚಿನ ಹುಲ್ಲುಕಡ್ಡಿಗೆ ಕಚ್ಚಿಕೊಂಡ, ಚಿಟ್ಟೆಮರಿ ಕಳಚಿಟ್ಟ ಒಣ ಪೊರೆಯನ್ನು ಎಷ್ಟು ಜನ ನೋಡಿದ್ದಾರೆ? ಬೆನ್ನು ಸೀಳಿರುತ್ತದೆ, ಸೀಳಿನಿಂದ ಬಿಳಿ ದಾರದಂಥ ಎಳೆಗಳು ಹೊರಗೆ ಇಣುಕುತ್ತವೆ. ಚಿಟ್ಟೆಯ ಉಸಿರುನಾಳಗಳ ಒಳಪದರ ಅದು. ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ ಜಲಕಳೆ ಹಬ್ಬಿದಾಗ ಫೋಟೋ ತೆಗೆದು ಗೋಳಾಡುತ್ತೇವೆ. ಚರಂಡಿ ತಿರುಗಿಸಿದವರ ಮಾತೆತ್ತುವುದಿಲ್ಲ. ಕೈಗೆ ಸಿಗುವುದು ಚಿಟ್ಟೆ, ಬೈಸಿಕೊಳ್ಳುವುದೂ ಅದೇ.

ನಿಮ್ಮ ಕೋಳಿಗಳಿಗೆ ಇಷ್ಟು ಮಾಡಿ. ನಸುಕಿನಲ್ಲಿ, ಮಳೆ ನಿಂತ ಮೇಲೆ ಕೆರೆ ದಂಡೆಗೆ ಬಿಡಬೇಡಿ. ಮೈ ಬಿಸಿಯಾಗದ ಚಿಟ್ಟೆಗಳು ಆಗ ಹಾರಲಾರದೆ ಕೂತಿರುತ್ತವೆ, ಕೋಳಿಗೆ ಸಲೀಸಾಗಿ ಸಿಗುತ್ತವೆ. ಪರೀಕ್ಷೆಯಲ್ಲಿ ಏನು ಬಂತು ಅಂತ ಬರೆಯಿರಿ. ಬೈಗುಳ ಇದ್ದರೂ ಅಚ್ಚು ಹಾಕುತ್ತೇವೆ.

— ಸಂ.