ಕೈ ಹಿಡಿಯುವವರು ಬಾಗಿಲ ಹೊರಗೇಕೆ?

ಪತ್ರ: ಗಂಡ ಕೈ ಹಿಡಿದರೆ ಹೆಂಡತಿಯ ಮಿದುಳಿನಲ್ಲಿ ಭಯ ತಗ್ಗುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಬರೀ 16 ಹೆಂಗಸರ ಪ್ರಯೋಗವನ್ನು ನಂಬಿ ಆಸ್ಪತ್ರೆಯೊಳಗೆ ಬಂಧುಬಳಗವನ್ನೆಲ್ಲ ಬಿಟ್ಟುಕೊಳ್ಳಬೇಕೆ? ಬಂದವರು ಅಳುತ್ತಾರೆ, ಕೆಲಸಕ್ಕೆ ಅಡ್ಡಬರುತ್ತಾರೆ. ಯಾರೋ ಮುಟ್ಟಿದರೆಂದು ಸೂಜಿ ಚುಚ್ಚದೆ ಇರುತ್ತದೆಯೆ?
– ನಿವೃತ್ತ ಆಸ್ಪತ್ರೆ ನೌಕರ, ಹಾಸನ

ಸಂಪಾದಕರ ಉತ್ತರ:

ಸ್ವಾಮಿ, ಸೂಜಿ ಚುಚ್ಚಿಯೇ ಚುಚ್ಚುತ್ತದೆ. ಒಬ್ಬ ರೋಗಿಯ ಹಿಂದೆ ಏಳು ಜನ ನುಗ್ಗುವುದೂ ನಿಜ, ಸೋಂಕಿನ ಭಯವೂ ನಿಜ. ಅಷ್ಟು ಒಪ್ಪಿದೆ. ಆದರೆ ಆ 16 ಹೆಂಗಸರನ್ನು ನೀವು ತೀರಾ ಹಗುರವಾಗಿ ತೆಗೆದುಕೊಂಡಿರಿ.

ಅದು ಅಮೆರಿಕದ ಮನೋವಿಜ್ಞಾನಿಗಳಾದ ಜೇಮ್ಸ್ ಕೋನ್, ಹಿಲರಿ ಶೇಫರ್, ರಿಚರ್ಡ್ ಡೇವಿಡ್‌ಸನ್ 2006ರಲ್ಲಿ ಪ್ರಕಟಿಸಿದ ಪ್ರಯೋಗ. ಎಂಆರ್‌ಐ ಯಂತ್ರದೊಳಗೆ ಮಲಗಿದವಳ ಪಾದದ ಗಂಟಿಗೆ ವಿದ್ಯುತ್ ತಂತಿ. ಕಣ್ಣೆದುರು ಕೆಂಪು ಗುಣಾಕಾರ ಚಿಹ್ನೆ ಬಂದರೆ ಶಾಕ್ ಹೊಡೆಯುವ ಸಾಧ್ಯತೆ ನೂರಕ್ಕೆ 20, ನೀಲಿ ಸೊನ್ನೆ ಬಂದರೆ ಏನೂ ಇಲ್ಲ. ಒಂದು ಸರದಿಯಲ್ಲಿ ಗಂಡನ ಕೈ, ಇನ್ನೊಂದರಲ್ಲಿ ಮುಖ ಕಾಣದ ಅಪರಿಚಿತನ ಕೈ, ಮತ್ತೊಂದರಲ್ಲಿ ಯಾರ ಕೈಯೂ ಇಲ್ಲ. ಅಳೆದದ್ದು ಶಾಕಿನ ನೋವನ್ನಲ್ಲ, ಹೊಡೆದೀತೆಂದು ಕಾಯುವ ಆ ಕೆಲವು ಸೆಕೆಂಡುಗಳಲ್ಲಿ ಮಿದುಳಿನ ಚಟುವಟಿಕೆಯನ್ನು. ಅಪರಿಚಿತನ ಕೈಯಿಂದಲೂ ತುಸು ಗುಣ ಕಂಡಿತು, ಗಂಡನ ಕೈಯಿಂದ ಹೆಚ್ಚು. ಎಲ್ಲರೂ ಅನ್ಯೋನ್ಯ ದಂಪತಿಗಳೆಂದೇ ಆರಿಸಿದವರು. ಅವರಲ್ಲೂ ದಾಂಪತ್ಯ ಚೆನ್ನಾಗಿದ್ದಷ್ಟೂ ಮಿದುಳಿನ ಬಲಬದಿಯ ಇನ್ಸುಲಾ ಮತ್ತು ಹೈಪೋಥಲಾಮಸ್‌ಗಳ ಚಟುವಟಿಕೆ ಇಳಿದಿತ್ತು. ಮೊದಲನೆಯದು ಮೈಯೊಳಗಿನ ಸಂಕಟವನ್ನು ಗ್ರಹಿಸುವ ಜಾಗ, ಎರಡನೆಯದು ಒತ್ತಡದ ಹಾರ್ಮೋನುಗಳಿಗೆ ಅಪ್ಪಣೆ ಕೊಡುವ ಜಾಗ. ಗುಂಪು ಚಿಕ್ಕದೆಂಬ ನಿಮ್ಮ ಆಕ್ಷೇಪಕ್ಕೆ ಬೆಲೆಯಿದೆ. ಆದರೆ ಒಂದನ್ನು ಗಮನಿಸಿ: ಎಂಆರ್‌ಐ ಕೋಣೆಯಲ್ಲೇ ಗಂಡನಿಗೆ ಜಾಗ ಸಿಕ್ಕಿತು, ನಮ್ಮ ಡ್ರೆಸಿಂಗ್ ರೂಮಿನಲ್ಲಿ ಸಿಗುವುದಿಲ್ಲ!

ಮುಟ್ಟುವುದರಲ್ಲೂ ಕ್ರಮವಿದೆ. ಕೂದಲಿರುವ ಚರ್ಮದಲ್ಲಿ, ಮುಖ್ಯವಾಗಿ ಮುಂದೋಳಿನಲ್ಲಿ, ಸಿ-ಟ್ಯಾಕ್ಟೈಲ್ ಎಂಬ ನಿಧಾನ ನರತಂತುಗಳಿವೆ. ಸ್ವೀಡನ್ನಿನ ನರವಿಜ್ಞಾನಿ ಹೋಕನ್ ಓಲಾಸನ್ ಮತ್ತು ಸಂಗಡಿಗರು ಇವನ್ನು ವರ್ಷಗಟ್ಟಲೆ ಅಳೆದವರು. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಮೈಬಿಸಿಯಷ್ಟೇ ಬೆಚ್ಚಗಿರುವ ಕೈ ಸವರಿದರೆ ಇವು ಚೆನ್ನಾಗಿ ಮಿಡಿಯುತ್ತವೆ. ಅಂದರೆ ಮೊಣಕೈಯಿಂದ ಮಣಿಕಟ್ಟಿಗೆ ಬರಲು ಏಳೆಂಟು ಸೆಕೆಂಡು ಹಿಡಿಯಬೇಕು. ನಾವು ಮಾಡುವುದೇನು? ಗಾಬರಿಯಲ್ಲಿ ಪಾತ್ರೆ ತಿಕ್ಕಿದ ಹಾಗೆ ಗಸಗಸ ತಿಕ್ಕುತ್ತೇವೆ, ಇಲ್ಲವೇ ಪಟಪಟ ತಟ್ಟುತ್ತೇವೆ. ಆ ವೇಗಕ್ಕೆ ಈ ತಂತುಗಳು ಹೆಚ್ಚು ಓಗೊಡುವುದಿಲ್ಲ. ತಣ್ಣನೆಯ ಕೈಯಾದರೆ ಮೊದಲು ಉಜ್ಜಿ ಬಿಸಿಮಾಡಿಕೊಳ್ಳಿ. ಅಂಗೈಯಲ್ಲಿ ಈ ತಂತುಗಳು ತೀರಾ ವಿರಳ. ಅಲ್ಲಿ ಕೆಲಸ ಮಾಡುವುದು ‘ಇದು ನನ್ನವರ ಕೈ’ ಎಂಬ ತಿಳಿವಳಿಕೆ. ಅಂಗೈಯನ್ನು ಸವರಬೇಡಿ, ಸುಮ್ಮನೆ ಹಿಡಿದುಕೊಂಡಿರಿ. ಬಿ.ಪಿ. ಪಟ್ಟಿಯೋ ಡ್ರಿಪ್ಪೋ ಇರುವ ಕೈ ಬೇಡ, ಇನ್ನೊಂದು ಕೈ ಹಿಡಿಯಿರಿ. ಮುಟ್ಟಿಸಿಕೊಳ್ಳಲು ಇಷ್ಟವಿಲ್ಲದವರನ್ನು, ಹಿಂದೆ ಪೆಟ್ಟು ತಿಂದು ಸ್ಪರ್ಶಕ್ಕೇ ಬೆಚ್ಚುವವರನ್ನು ಕೇಳದೆ ಮುಟ್ಟಲೇಬಾರದು, ಭಯ ಇನ್ನೂ ಏರಬಹುದು.

ಮಕ್ಕಳ ವಿಷಯದಲ್ಲಂತೂ ನಿಮ್ಮ ಮಾತು ನಿಲ್ಲುವುದೇ ಇಲ್ಲ. ಲಸಿಕೆ ಹಾಕುವಾಗ ಹೆತ್ತವರು ಜೊತೆಗಿರಲಿ, ಕೂಸಿಗೆ ಎದೆಹಾಲು ಕುಡಿಸುತ್ತಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2015ರಲ್ಲಿ ಹೇಳಿದೆ. ರಕ್ತ ತೆಗೆಯುವಾಗ ಮೂವರು ಸೇರಿ ಮಗುವನ್ನು ಮಂಚಕ್ಕೆ ಅದುಮಿದರೆ ಅದು ಒದ್ದಾಡುತ್ತದೆ, ರಕ್ತನಾಳ ಸರಿಯುತ್ತದೆ, ಎರಡನೇ ಸಲ ಚುಚ್ಚಬೇಕಾಗುತ್ತದೆ. ಬದಲಿಗೆ ತಾಯಿಯ ತೊಡೆಯ ಮೇಲೆ, ಅವಳತ್ತ ಮುಖ ಮಾಡಿ, ಕಾಲು ಅವಳ ಸೊಂಟದ ಎರಡು ಬದಿಗೆ ಬರುವಂತೆ ಕೂರಿಸಬೇಕು. ಚುಚ್ಚುವ ಕೈಯನ್ನು ಅವಳ ಕಂಕುಳ ಕೆಳಗಿಂದ ಹಿಂದಕ್ಕೆ ಚಾಚಿಸಿದರೆ ನರ್ಸ್ ಅಲ್ಲಿ ಹಿಡಿದುಕೊಳ್ಳುತ್ತಾರೆ. ಮಗು ಅಪ್ಪಿಕೊಂಡೂ ಇರುತ್ತದೆ, ಅಲ್ಲಾಡುವುದೂ ಇಲ್ಲ.

ಎಲ್ಲ ಕಡೆ ಬಿಡಿ ಎನ್ನುತ್ತಿಲ್ಲ. ಸಿ.ಟಿ., ಎಕ್ಸ್‌ರೇ ಕೋಣೆಯಲ್ಲಿ ವಿಕಿರಣವಿರುತ್ತದೆ, ಜೊತೆಗಾರರು ಹೊರಗಿರುವುದೇ ಸರಿ. ಎಂಆರ್‌ಐಯಲ್ಲಿ ವಿಕಿರಣವಿಲ್ಲ, ಅಯಸ್ಕಾಂತದ್ದೇ ಭಯ. ಪೇಸ್‌ಮೇಕರ್ ಇದ್ದವರು ಹೋಗಬಾರದು. ಉಳಿದವರು ಮೈಯೊಳಗೆ ಲೋಹದ ಕ್ಲಿಪ್ ಇಲ್ಲವೆಂದು ಸಿಬ್ಬಂದಿಗೆ ಖಚಿತಪಡಿಸಿ, ತಾಳಿ, ಓಲೆ, ಬೀಗದಕೈ, ಮೊಬೈಲ್ ತೆಗೆದಿಟ್ಟರೆ ಪಕ್ಕದಲ್ಲಿ ಕೂರಬಹುದು. ಹೀಗೆ ಕಾರಣ ಹೇಳಿ ತಡೆಯುವುದು ಬೇರೆ, ‘ಅಟೆಂಡರ್ ಎಲ್ಲ ಆಚೆ’ ಎಂದು ಕೂಗಿ ಬಾಗಿಲು ಹಾಕುವುದು ಬೇರೆ.

ಹೆರಿಗೆ ಕೋಣೆಯನ್ನೇ ನೋಡಿ. ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸುವ ಕೇಂದ್ರ ಸರ್ಕಾರದ ‘ಲಕ್ಷ್ಯ’ ಕಾರ್ಯಕ್ರಮ ಬಂದದ್ದು 2017ರಲ್ಲಿ. ನೋವು ತಿನ್ನುವವಳ ಪಕ್ಕ ಜೊತೆಗಾತಿ ಇರಲಿ ಎನ್ನುವುದು ಅದರಲ್ಲೇ ಇದೆ. ಅಕ್ಕನೋ ಅಮ್ಮನೋ ಒಳಗೆ ಹೊರಟರೆ ಬರುವ ಉತ್ತರ: ಪಕ್ಕದ ಟೇಬಲ್ಲಿನಲ್ಲಿ ಇನ್ನೊಬ್ಬಳಿದ್ದಾಳೆ, ಮರೆಯಿಲ್ಲ. ಎರಡು ಟೇಬಲ್ಲುಗಳ ನಡುವೆ ಒಂದು ಪರದೆ ಕಟ್ಟಲು ಎಷ್ಟು ದುಡ್ಡು ಬೇಕು? ನೀವು ಒಳಗಿದ್ದು ಕಂಡವರು. ಆ ಪರದೆಯ ಇಂಡೆಂಟ್, ಅಂದರೆ ಬೇಡಿಕೆ ಪತ್ರ, ಯಾರ ಮೇಜಿನ ಮೇಲೆ ಕೂತಿರುತ್ತದೆ ಎಂಬುದನ್ನು ಬರೆದು ಕಳಿಸಿ, ನಿಮ್ಮ ಹೆಸರು ಹಾಕದೆ ಅಚ್ಚು ಹಾಕುತ್ತೇವೆ.