ಬಾಮಿಯಾನದ ಬುತ್‌ಗಳು: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಅಫ್ಘಾನಿಸ್ತಾನದ ಬಾಮಿಯಾನದಲ್ಲಿದ್ದ ಬುದ್ಧಮೂರ್ತಿಗಳ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿತು. 2001ರ ಮಾರ್ಚ್‌ನಲ್ಲಿ ತಾಲಿಬಾನ್ ಮಾಡಿದ್ದನ್ನೇ ಹಿಂದಿನ ಮುಸ್ಲಿಮರೂ ಬಯಸಿದ್ದರು, ಅವರ ಕೈಲಾಗಲಿಲ್ಲ ಅಷ್ಟೆ ಎಂಬುದು ನಿಮ್ಮ ವಾದ. ಆ ಮೂರ್ತಿಗಳು ಪುಡಿಯಾದ ದಿನದ ನೋವು ನಮ್ಮಲ್ಲಿ ಇನ್ನೂ ಇದೆ. ಆದರೂ ಹಿಂದಿನವರು ಬರೆದಿಟ್ಟಿದ್ದನ್ನು ಓದಿದವರಿಗೆ ನಿಮ್ಮ ಮಾತನ್ನು ಒಪ್ಪುವುದು ಕಷ್ಟ.

ಲೂಟಿ ನಡೆದದ್ದು ನಿಜ. ಒಂಬತ್ತನೆಯ ಶತಮಾನದಲ್ಲಿ ಮುಸ್ಲಿಂ ದೊರೆ ಯಾಕೂಬ್ ಇಬ್ನ್ ಲೈಸ್ ಕಾಬೂಲಿನ ಕಡೆ ದಂಡೆತ್ತಿ ಹೋಗಿ, ಅಲ್ಲಿ ಸಿಕ್ಕ ವಿಗ್ರಹಗಳನ್ನು ಬಾಗ್ದಾದಿನ ಖಲೀಫನಿಗೆ ಕಳುಹಿಸಿದ. ಇದನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ಬಂಡೆಯಲ್ಲಿ ಕಡೆದ ಆ ಎರಡು ಮೂರ್ತಿಗಳ ಹೆಸರನ್ನೇ ನೋಡಿ. ಸುಮಾರು 55 ಮೀಟರ್ ಎತ್ತರದ ದೊಡ್ಡದಕ್ಕೆ ಪಾರಸಿಯಲ್ಲಿ ‘ಸುರ್ಖ್ ಬುತ್’, ಅಂದರೆ ಕೆಂಪು ವಿಗ್ರಹವೆಂದೂ, 38 ಮೀಟರ್ ಎತ್ತರದ ಇನ್ನೊಂದಕ್ಕೆ ‘ಖಿಂಗ್ ಬುತ್’, ಅಂದರೆ ಬೂದುಬಿಳಿ ವಿಗ್ರಹವೆಂದೂ ಹೆಸರಿತ್ತು. ಕಲ್ಲಿನ ಮೇಲೆ ಮಣ್ಣು ಮತ್ತು ಹುಲ್ಲು ಕಲಸಿದ ಗಾರೆಯಿಂದ ಚೀವರದ, ಅಂದರೆ ಭಿಕ್ಷುವಿನ ಮೇಲುವಸ್ತ್ರದ, ನೆರಿಗೆಗಳನ್ನು ಮೂಡಿಸಿ ಬಣ್ಣ ಹಚ್ಚಿದ್ದರು. ಹೆಸರಿನಲ್ಲಿ ಉಳಿದದ್ದು ಆ ಬಣ್ಣವೇ ಇರಬೇಕು. ‘ಬುತ್’ ಪದವೂ ಬುದ್ಧ ಎಂಬುದರಿಂದಲೇ ಬಂದದ್ದು, ಮತ್ತು ಪಾರಸಿ ಕವಿಗಳು ತಮ್ಮ ಪ್ರಿಯತಮೆಯನ್ನು ಕರೆದದ್ದೂ ಅದೇ ಪದದಿಂದ. ಸೋಮನಾಥದ ಮೇಲೆ ದಾಳಿ ಮಾಡಿದ ಘಜ್ನಿ ಮಹಮೂದನ ಆಸ್ಥಾನದಲ್ಲೇ ಕವಿ ಉನ್ಸುರಿ ಈ ಎರಡು ಬುತ್‌ಗಳ ಮೇಲೆ ಕಾವ್ಯ ಕಟ್ಟಿದ, ಅದೇ ಕಾಲದ ವಿದ್ವಾಂಸ ಅಲ್ ಬಿರೂನಿ ಅವುಗಳ ಕಥೆಯನ್ನು ಬರೆದ ಎಂಬುದನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ.

ಹದಿಮೂರನೆಯ ಶತಮಾನದ ಭೂಗೋಳಜ್ಞ ಯಾಕೂತ್, ಇವುಗಳಿಗೆ ಸಮನಾದದ್ದು ಲೋಕದಲ್ಲೇ ಇಲ್ಲ ಎಂದು ಬರೆದದ್ದಲ್ಲದೆ, ಅಲ್ಲಿನ ಎತ್ತರದ ಕಟ್ಟಡವೊಂದರಲ್ಲಿ ದೇವರು ಸೃಷ್ಟಿಸಿದ ಹಕ್ಕಿಗಳೆಲ್ಲವನ್ನೂ ಚಿತ್ರಿಸಲಾಗಿದೆ ಎಂದೂ ದಾಖಲಿಸಿದ್ದಾನೆ. ಒಡೆಯುವ ಕಣ್ಣಿಗೆ ಹಕ್ಕಿಗಳು ಕಾಣುತ್ತಿರಲಿಲ್ಲವೆಂದೇ ನನ್ನ ನಂಬಿಕೆ. ಅಕ್ಬರನ ಕಾಲಕ್ಕೆ ಬಂದರೆ ಅವನ ಆಸ್ಥಾನದ ಇತಿಹಾಸಕಾರ ಅಬುಲ್ ಫಜಲ್ ಅಲ್ಲಿ ಗಂಡು, ಹೆಣ್ಣು ಮತ್ತು ಮಗುವಿನ ಮೂರ್ತಿಗಳಿವೆ ಎನ್ನುತ್ತಾನೆ. ಅಷ್ಟರಲ್ಲಿ ಬುದ್ಧನ ಗುರುತು ಮರೆತೇಹೋಗಿತ್ತು.

ಅವು ಯಾರ ಮೂರ್ತಿಗಳೆಂದು ಹಿಂದಿನ ಮುಸ್ಲಿಮರಿಗೆ ಗೊತ್ತಿತ್ತೇ ಎಂದೂ ನೀವು ಕೇಳಿದ್ದೀರಿ. ಬಾಗ್ದಾದಿನ ಇಬ್ನ್ ಅಲ್ ನದೀಮ್ 987ರ ಸುಮಾರಿಗೆ ತನ್ನ ಗ್ರಂಥಸೂಚಿಯಲ್ಲಿ ಬಾಮಿಯಾನದ ವಿಗ್ರಹಗಳನ್ನು ಪ್ರಸ್ತಾಪಿಸಿ, ‘ಬುದ್ದ್’ ಯಾರೆಂಬ ಬಗ್ಗೆ ಇದ್ದ ಅಭಿಪ್ರಾಯಗಳನ್ನೂ ಬರೆದಿಟ್ಟಿದ್ದಾನೆ: ಕೆಲವರಿಗೆ ಅದು ಸೃಷ್ಟಿಕರ್ತನ ರೂಪ, ಕೆಲವರಿಗೆ ಅವನು ಕಳುಹಿಸಿದ ದೂತನ ರೂಪ. ಯಾವುದು ಸರಿಯೆಂದು ತೀರ್ಪು ಕೊಡುವ ಅವಸರ ಅವನಿಗಿರಲಿಲ್ಲ.

– ಸಂಪಾದಕ